ವೆರ್ಚೆಲ್ಲಿಯಿಂದ ಬಂದ ಪ್ರಸಾದ

ನಮ್ಮ ಮನೆಯವರು ಇಟಲಿಗೆ ಹೋಗಿ ಬಂದವರು ಎಂದರೆ ಮಾನ್ವಿಯಲ್ಲಿ ಈಗಲೂ ಅರ್ಧ ಜನ ನಗುತ್ತಾರೆ. ನಗಲಿ. ರೈಸ್ ಮಿಲ್ಲಿನ ಫಿಟ್ಟರ್ ಸೂಗಪ್ಪ, ಊರ ಹೊರಗಿನ ಕೇರಿಯ ಅಮರಮ್ಮನ ಮಗ, ವಿಮಾನ ಹತ್ತಿದ ಎಂದರೆ ಯಾರು ನಂಬಬೇಕು? ಕಟ್ಟಿಕೊಂಡ ನನಗೇ, ಅವರು ಬೊಂಬಾಯಿಯಿಂದ ಟೆಲಿಗ್ರಾಂ ಕೊಡುವವರೆಗೆ ನಂಬಿಕೆ ಇರಲಿಲ್ಲ.

ಎಂಬತ್ತನಾಲ್ಕರ ಮಾತು. ರಾಯಚೂರಿನಲ್ಲಿ ಇವರು ಕೆಲಸ ಮಾಡುತ್ತಿದ್ದ ಮಿಲ್ಲಿನ ಸಾಹುಕಾರರು ಇಟಲಿಯಿಂದ ಅಕ್ಕಿ ಪಾಲಿಶ್ ಮಾಡುವ ಯಂತ್ರ ತರಿಸಿದರು. ಅದನ್ನು ಬಿಚ್ಚಿ ಕಟ್ಟುವುದನ್ನು ಕಲಿಯಲು ಒಬ್ಬನನ್ನು ಕಳಿಸಿ, ಖರ್ಚು ನಮ್ಮದು ಎಂದು ಯಂತ್ರದ ಕಂಪನಿಯವರು ಬರೆದರು. ಸಾಹುಕಾರರ ಅಳಿಯ ಸೂಟು ಹೊಲಿಸಿಕೊಂಡು ಕೂತಿದ್ದ. ಹೊರಡುವ ಹೊತ್ತಿಗೆ ಸರಿಯಾಗಿ ಕಾಮಾಲೆ ಆಗಿ ಹಾಸಿಗೆ ಹಿಡಿದ. ಸಾಹುಕಾರರು ತಲೆ ಕೆರೆದುಕೊಂಡು ಕಡೆಗೆ ಇವರನ್ನು ಕರೆದರು. ಸೂಟು ಮಾತ್ರ ಕೊಡಲಿಲ್ಲ.

ಸುದ್ದಿ ಕೇಳಿ ನಮ್ಮ ಅತ್ತೆ ಅಮರಮ್ಮ ಒಂದೇ ಮಾತು ಕೇಳಿದಳು. "ಆ ಊರಾಗ ಗುಡಿ ಅದ ಏನಲೇ?"

"ದೊಡ್ಡ ಗುಡಿ ಅದ ಅಂತ ಯವ್ವಾ. ಏಳುನೂರು ವರ್ಷದ್ದಂತ. ಕಂಪನಿ ಕಾಗದದ ಮ್ಯಾಗ ಅದರದ ಚಿತ್ರ ಹಾಕ್ಯಾರ."

"ಹಂಗಾರ ಪ್ರಸಾದ ತಗೊಂಡ್ ಬಾ."

ದೂರದ ದೇವರನ್ನು ನೋಡಿ ಬಂದವರು ಬರಿಗೈಲಿ ಬರಬಾರದು. ಅಲ್ಲಿ ಕೊಟ್ಟಿದ್ದನ್ನು ಅಲ್ಲೇ ತಿಂದು ಬಾಯಿ ಒರೆಸಿಕೊಂಡು ಬಂದವನನ್ನು ನಮ್ಮ ಕೇರಿಯಲ್ಲಿ ಮನುಷ್ಯ ಎನ್ನುವುದಿಲ್ಲ. ಚೂರೇ ಆಗಲಿ, ಗಂಟು ಕಟ್ಟಿಕೊಂಡು ಬಂದು ಸಕ್ಕರೆಯಲ್ಲಿ ಬೆರೆಸಿ ಮನೆಮನೆಗೆ ಹಂಚಬೇಕು. ಇದು ಇವರಿಗೂ ಗೊತ್ತಿದ್ದದ್ದೇ. ಆದರೆ ಅತ್ತೆ ಇನ್ನೊಂದು ಮಾತು ಸೇರಿಸಿದಳು.

"ಮದ್ಲು ನಾವು ಯಾರು ಅಂತ ಹೇಳು. ಹೇಳಿದ ಮ್ಯಾಗ ಕೊಟ್ರ ತಗೋ. ಕೊಡಲಿಲ್ಲಂದ್ರ ಹೊರಗ ನಿಂತು ಕೈ ಮುಗದು ಬಾ. ಮುಚ್ಚಿಟ್ಟು ಮಾತ್ರ ತಗೋಬ್ಯಾಡ."

ಈ ಮಾತಿನ ಹಿಂದೆ ನಮ್ಮ ಮಾವ ಇದ್ದಾನೆ. ನಾನು ಅವನನ್ನು ನೋಡಿಲ್ಲ. ಹೆಸರು ತಾಯಪ್ಪ. ಅವರೆಲ್ಲ ಆಗ ದೇವದುರ್ಗದ ಕಡೆ ಒಂದು ಹಳ್ಳಿಯಲ್ಲಿದ್ದರು. ಅಲ್ಲಿ ಗುಡಿಯ ಕಟ್ಟೆಯ ಮೇಲಿಂದ ಪ್ರಸಾದ ಎಸೆಯುತ್ತಿದ್ದರು, ನಮ್ಮವರು ಕೆಳಗೆ ಸೆರಗೊಡ್ಡಿ ಹಿಡಿಯುತ್ತಿದ್ದರು. ಮಾವ ಒಮ್ಮೆ ಗುರುತಿಲ್ಲದ ಊರಿಗೆ ಕೂಲಿಗೆ ಹೋದಾಗ, ಎಲ್ಲರ ಜೊತೆ ಸಾಲಿನಲ್ಲಿ ನಿಂತು ಒಳಗೆ ಹೋಗಿ ಕೈಯೊಡ್ಡಿ ಪ್ರಸಾದ ತೆಗೆದುಕೊಂಡ. ಹೊರಗೆ ಬರುವಷ್ಟರಲ್ಲಿ ಯಾರೋ ಗುರುತು ಹಿಡಿದರು. ಹೊಡೆತ ತಿಂದು ಮನೆಗೆ ಬಂದಾಗ ಮುಷ್ಟಿಯಲ್ಲಿ ಆ ಪ್ರಸಾದ ಹಾಗೇ ಇತ್ತಂತೆ. ಹೊಡೆದವರ ಮೇಲೆ ಅತ್ತೆಗೆ ಎಷ್ಟು ಸಿಟ್ಟೋ, ಗಂಡನ ಮೇಲೂ ಅಷ್ಟೇ ಸಿಟ್ಟು. ಕಳ್ಳನ ಹಾಗೆ ಯಾಕೆ ಹೋದೆ ಎಂದು ಅವನು ಸಾಯುವತನಕ ಕೇಳಿದಳು. ಅದು ನ್ಯಾಯವಲ್ಲ ಅಂತ ನಾನು ಎಷ್ಟೋ ಸಲ ಜಗಳ ಆಡಿದ್ದೇನೆ. ಅವಳು ಜಗ್ಗುವವಳಲ್ಲ.

ಮುಂದಿನದು ಇವರು ಹೇಳಿದ್ದು. ಒಂದೇ ಸಲಕ್ಕೆ ಬಾಯಿ ಬಿಡುವ ಗಂಡಸಲ್ಲ. ಅಷ್ಟಷ್ಟು ಹೇಳಿದ್ದನ್ನು ನಾನು ಜೋಡಿಸಿಕೊಂಡಿದ್ದೇನೆ.

ವೆರ್ಚೆಲ್ಲಿ ಎಂಬ ಆ ಊರು ಇವರಿಗೆ ಪರದೇಶ ಅನ್ನಿಸಲೇ ಇಲ್ಲವಂತೆ. ಸುತ್ತ ಎತ್ತ ನೋಡಿದರೂ ನೀರು ನಿಲ್ಲಿಸಿದ ಭತ್ತದ ಗದ್ದೆ, ಗದ್ದೆಗೊಂದು ಕಾಲುವೆ, ಬದುವಿನ ಮೇಲೆ ಬಿಳಿ ಕೊಕ್ಕರೆ. ಚಳಿ ಒಂದಿಲ್ಲದಿದ್ದರೆ ಮಾನ್ವಿಯೇ ಅನ್ನಬೇಕು. ಇವರು ಉಳಿದದ್ದು ಪಿಯೆರಿನಾ ಎಂಬ ಮುದುಕಿಯ ಮನೆಯಲ್ಲಿ. ಅವಳೂ ಹರೆಯದಲ್ಲಿ ಗದ್ದೆಯಲ್ಲಿ ನಾಟಿ ಮಾಡಿ, ಕಳೆ ಕಿತ್ತು ಬದುಕಿದವಳು. ಸೊಟ್ಟಗಾದ ಬೆರಳು ತೋರಿಸಿ, ಸೊಂಟ ಹಿಡಿದುಕೊಂಡು ಬಗ್ಗಿ, ನಾಟಿ ಹೇಗೆ ಎಂದು ಅಭಿನಯ ಮಾಡಿ ತೋರಿಸಿದಳಂತೆ. ಇವರಿಗೆ ಅವಳ ಮಾತು ಬರುವುದಿಲ್ಲ, ಅವಳಿಗೆ ಇವರದು ಬರುವುದಿಲ್ಲ. ಇವರು "ಯವ್ವಾ" ಅನ್ನುವುದು, ಅವಳು ತಟ್ಟೆಗೆ ಇನ್ನಷ್ಟು ಬಡಿಸುವುದು. ಹೀಗೇ ನಡೆಯಿತು ಸಂಸಾರ.

ಭಾನುವಾರ ಅವಳೇ ಇವರನ್ನು ಗುಡಿಗೆ ಕರೆದುಕೊಂಡು ಹೋದಳು. ರೈಲು ಸ್ಟೇಷನ್ನಿನಿಂದ ಹೊರಬಿದ್ದರೆ ಎದುರಿಗೇ ಕಾಣುತ್ತದಂತೆ ಆ ಸಂತ ಅಂದ್ರೇಯನ ಬಸಿಲಿಕಾ. ಮುಂಭಾಗಕ್ಕೆ ಹಸಿರು ಛಾಯೆಯ ಕಲ್ಲು, ಎರಡು ಕಡೆ ಎರಡು ಸಪೂರ ಗೋಪುರ. ಒಳಗೆ ಬಿಳಿ ಗೋಡೆ, ಕೆಂಪು ಇಟ್ಟಿಗೆಯ ಕಮಾನು. ಕತ್ತು ಎತ್ತಿದರೆ ಟೋಪಿ ಬೀಳುವಷ್ಟು ಎತ್ತರ. ಇವರು ಬಾಗಿಲಲ್ಲಿ ಬೂಟು ಬಿಚ್ಚಲು ಕೂತರು. ಪಿಯೆರಿನಾ ನಕ್ಕು, ಬೇಡವೆಂದು ಕೈ ಹಿಡಿದು ಎಬ್ಬಿಸಿದಳು. ಇವರು ಬಿಚ್ಚಿಯೇ ಬಿಟ್ಟರು. ಕಾಲಿಗೆ ನೆಲ ಕೊರೆಯುತ್ತಿತ್ತಂತೆ.

ಬಾಗಿಲಲ್ಲಿ ಯಾರೂ ಏನೂ ಕೇಳಲಿಲ್ಲ. ಕಂಬಗಳ ನಡುವೆ ನಡೆದು ಮುಂದಿನ ಸಾಲಿಗೆ ಹೋಗಿ ಕೂತರೂ ಯಾರೂ ತಿರುಗಿ ನೋಡಲಿಲ್ಲ. "ಹುಟ್ಟಿದಾಗಿಂದ ಮದ್ಲನೇ ಸಲ ಗುಡಿಯೊಳಗ ನನ್ನ ಬೆನ್ನು ತಣ್ಣಗ ಇತ್ತು, ಕನಕಾ" ಎಂದಿದ್ದರು ನನಗೆ. ಈ ಮಾತು ಹೇಳುವಾಗಲೂ ಅವರ ಮುಖ ಚಿಕ್ಕದಾಗಿತ್ತು.

ಪೂಜೆಯ ಕಡೆಗೆ ಜನ ಎದ್ದು ಸಾಲು ಹಿಡಿದರು. ಪಾದ್ರಿ ಒಬ್ಬೊಬ್ಬರ ನಾಲಿಗೆಯ ಮೇಲೆ ತೆಳ್ಳನೆಯ ಬಿಳಿ ಬಿಲ್ಲೆ ಇಡುತ್ತಿದ್ದರು. ಪ್ರಸಾದ! ಇವರು ಎದ್ದೇಬಿಟ್ಟರು. ಪಿಯೆರಿನಾ ತಲೆ ತಗ್ಗಿಸಿ ಪ್ರಾರ್ಥನೆಯಲ್ಲಿದ್ದಳು, ನೋಡಲಿಲ್ಲ. ಅತ್ತೆಯ ಮಾತು ಇವರಿಗೆ ನೆನಪಿಗೆ ಬರದೆ ಇರಲಿಲ್ಲ. ಬಂತು. ಆದರೆ ಯಾವ ಭಾಷೆಯಲ್ಲಿ ಹೇಳುವುದು? ಅದು ನೆಪ. ಕೈ ತೋರಿಸಿಯಾದರೂ ಪಿಯೆರಿನಾಳನ್ನು ಕೇಳಬಹುದಿತ್ತು. ಯಾರೂ ಕೇಳದ ಒಂದು ಸಾಲಿನಲ್ಲಿ ಒಮ್ಮೆಯಾದರೂ ಸುಮ್ಮನೆ ನಿಲ್ಲಬೇಕು ಅನ್ನಿಸಿತು, ನಿಂತರು. ನಾನಾಗಿದ್ದರೂ ನಿಲ್ಲುತ್ತಿದ್ದೆ.

ಸರದಿ ಬಂದಾಗ ಎಡಗೈ ಮೇಲೆ ಬಲಗೈ ಇಟ್ಟು ಬೊಗಸೆ ಒಡ್ಡಿದರು. ಪಾದ್ರಿ ತಲೆಯಾಡಿಸಿ, ಬಾಯಿ ತೆರೆಯುವಂತೆ ಸನ್ನೆ ಮಾಡಿ, ನಾಲಿಗೆಯ ಮೇಲಿಟ್ಟರು. ನುಂಗಿದರೆ ಅವ್ವನಿಗೆ ಏನು ಒಯ್ಯುವುದು? ಕಂಬದ ಮರೆಗೆ ಸರಿದು, ಬಾಯಿಂದ ತೆಗೆದು ಕರ್ಚೀಫಿನಲ್ಲಿ ಸುತ್ತಿಕೊಂಡರು. ತಿರುಗಿದರೆ ಎದುರಿಗೆ ಪಿಯೆರಿನಾ.

ಅವಳು ಕೈ ಹಿಡಿದು ಏನೇನೋ ಹೇಳಿದಳು, ತಿನ್ನು ಎಂದು ಬಾಯಿಗೆ ಬೆರಳು ತೋರಿಸಿದಳು, ಎದೆ ಮುಟ್ಟಿಕೊಂಡಳು, ಕಣ್ಣಲ್ಲಿ ನೀರು ತಂದುಕೊಂಡಳು. ಇವರು ಗಾಬರಿಯಾಗಿ, ಆಕಡೆ ತಿರುಗಿ ತಿಂದ ಹಾಗೆ ನಟಿಸಿದರು. ಕರ್ಚೀಫು ಜೇಬಿಗಿಳಿಯಿತು.

ಮರುದಿನ ಕಂಪನಿಯಲ್ಲಿ, ಇಂಗ್ಲಿಷ್ ಬಲ್ಲ ಇಂಜಿನಿಯರ್ ಬಂದು ಕೂತ. ಇವರಿಗೂ ಮಿಲ್ಲಿನಲ್ಲಿ ಕಲಿತ ಅಷ್ಟಿಷ್ಟು ಇಂಗ್ಲಿಷ್ ಇತ್ತು. "ಪಿಯೆರಿನಾ ಕೇಳುತ್ತಿದ್ದಾಳೆ, ನೀನು ಅದನ್ನು ತಿಂದೆಯಲ್ಲ?" ಇವರು ತಿಂದೆ ಎಂದರು. "ಅದು ನಮಗೆ ದೇವರ ದೇಹವೇ. ನಮ್ಮವರಿಗೆ ಮಾತ್ರ ಕೊಡುವುದು, ಅಲ್ಲೇ ತಿನ್ನಬೇಕು. ಬೇರೆಯವರು ತೆಗೆದುಕೊಳ್ಳುವಂತಿಲ್ಲ. ಆದರೆ ನಿನಗೆ ಮೊದಲೇ ಹೇಳದಿದ್ದದ್ದು ತನ್ನ ತಪ್ಪಂತೆ. ಪಾದ್ರಿಯ ಹತ್ತಿರ ತಾನೇ ಒಪ್ಪಿಕೊಳ್ಳುತ್ತಾಳಂತೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಿದ್ದಾಳೆ."

ಮನಸ್ಸಿಗೆ ಹಚ್ಚಿಕೊಳ್ಳದೆ ಇರುವುದು ಹೇಗೆ? ನಮ್ಮವರಿಗೆ ಮಾತ್ರ ಎಂಬ ಮಾತು ಇವರಿಗೆ ಹೊಸದಲ್ಲ. ಹೊಸದು ಅಂದರೆ, ತಪ್ಪು ಇವರದು, ತಲೆ ಬಗ್ಗಿಸುವವಳು ಆ ಮುದುಕಿ. ಆಮೇಲೆ ಅವಳು ಇನ್ನಷ್ಟು ಬಡಿಸಲು ಬಂದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ಹೇಳಿಬಿಡಬೇಕು ಎಂದು ದಿನಾ ಅಂದುಕೊಂಡು, ಹೇಳದೆಯೇ ಬೊಂಬಾಯಿಯ ವಿಮಾನ ಹತ್ತಿದರು. ಹೊರಡುವಾಗ ಅವಳು ಇವರ ಹಣೆಯ ಮೇಲೆ ಹೆಬ್ಬೆರಳಿಂದ ಶಿಲುಬೆ ಬರೆದಳು.

ಇವರು ಮನೆಗೆ ಬಂದ ಸಂಜೆ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅತ್ತೆ ಇಡೀ ಕೇರಿಗೆ ಹೇಳಿಟ್ಟಿದ್ದಳು. ಹೆಂಗಸರೆಲ್ಲ ಮೈ ತೊಳೆದುಕೊಂಡು, ಒಗೆದ ಸೀರೆ ಉಟ್ಟು ಕೂತಿದ್ದರು. ಪಕ್ಕದ ಮನೆ ಬೂದೆಮ್ಮ ಸಕ್ಕರೆಯ ಪರಾತ ತೊಡೆಯ ಮೇಲಿಟ್ಟುಕೊಂಡಿದ್ದಳು. ಇವರು ಯಾಕೋ ಒಳಗೆ ಬರಲೊಲ್ಲರು. ಮುಖ ತೊಳೆದರು, ಮತ್ತೆ ತೊಳೆದರು. ದಣಿವು ಎಂದುಕೊಂಡೆ ನಾನು, ಪೆದ್ದಿ.

ಅತ್ತೆ ಕೈಯೊಡ್ಡಿದಳು. ಇವರು ಔಷಧಿ ಮಾತ್ರೆಯ ಒಂದು ಡಬ್ಬಿ ತೆಗೆದು ಕೊಟ್ಟರು. ಒಳಗೆ ಒಣಗಿ ಅಂಚು ಮುರುಟಿದ ಆ ಬಿಲ್ಲೆ.

"ಮ್ಯಾಲಿಂದ ಒಗದ್ರೇನು?" ಎಂದಳು ಅತ್ತೆ.

"ಇಲ್ಲ ಯವ್ವಾ. ಕೈಲೆ ಇಟ್ಟರು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆಯ ಕಣ್ಣು ಹೊಳೆದವು. ಅಂಥ ಮುಖವನ್ನು ನಾನು ಅವಳಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ.

"ನಾವು ಯಾರು ಅಂತ ಹೇಳಿ ತಗೊಂಡಿ ಅಲ್ಲ?"

ಇವರು ನೆಲ ನೋಡಿದರು. "ಹೇಳೀನಿ" ಎಂದರು.

ಅತ್ತೆ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು, ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ ಮುರಿಯಲು ಹೋದಳು. ಇವರು ಎರಡೂ ಕೈಯಿಂದ ಅವಳ ಮುಂಗೈ ಹಿಡಿದುಬಿಟ್ಟರು.

"ಬ್ಯಾಡ ಯವ್ವಾ. ತಿನಬ್ಯಾಡ. ಹೇಳಿಲ್ಲ ನಾನು. ಸುಳ್ಳಾಡಿದೆ. ಅದು ಅವರ ಮಂದಿಗಷ್ಟೇ ಕೊಡೋದಂತ. ನನ್ನ ಬಾಯಾಗಿಂದ ತಗದದ್ದು ಅದು. ಎಂಜಲ ಅದ."

ಬೈಯುತ್ತಾಳೆ ಎಂದುಕೊಂಡೆ, ಹೊಡೆದಾಳು ಎಂದೂ ಅಂದುಕೊಂಡೆ. ಅತ್ತೆ ಬಿಲ್ಲೆಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. "ಬೂದೆಮ್ಮಾ, ಸಕ್ಕರಿ ಹಂಚಿಬಿಡು. ಮಗ ಬಂದಾನ, ಬಾಯಿ ಸಿಹಿ ಮಾಡ್ಕೊಳ್ರಿ" ಎಂದಳು. ಎಲ್ಲರೂ ಹೋದ ಮೇಲೆ ಇವರ ಕಡೆ ತಿರುಗಿ, "ರಾಯಚೂರಾಗ ಅವರ ಗುಡಿ ಅದಲ್ಲ? ನಾಳಿಗಿ ಒಯ್ದು ಕೊಡೂಣು" ಎಂದಳು. ಅಷ್ಟೇ. ಬೈದಿದ್ದರೆ ಇವರು ಒಂದು ತುತ್ತು ಉಣ್ಣುತ್ತಿದ್ದರೇನೋ.

ಮರುದಿನ ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿ ಜೊತೆಗೆ ಹೋದೆ. ಇವರಿಬ್ಬರನ್ನೇ ಬಿಟ್ಟರೆ ದಾರಿಯುದ್ದಕ್ಕೂ ತುಟಿ ಬಿಚ್ಚುವ ಪೈಕಿ ಅಲ್ಲ ಎಂದು ಗೊತ್ತಿತ್ತು. ಚರ್ಚಿನ ಅಂಗಳದಲ್ಲಿ ವಯಸ್ಸಾದ ಫಾದರ್ ಒಬ್ಬರು ಗಿಡಗಳಿಗೆ ನೀರು ಹಾಕುತ್ತಿದ್ದರು. ಮಂಗಳೂರು ಕಡೆಯವರು, ಪುಸ್ತಕದ ಕನ್ನಡ.

"ಒಳಗೆ ಬನ್ನಿ ಅಮ್ಮಾ."

"ಮದ್ಲು ಹೇಳತೀನ್ರಿ ಯಪ್ಪಾ, ಕೇಳಿ ಆಮ್ಯಾಲೆ ಕರೀರಿ" ಎಂದು ಅತ್ತೆ ಗೇಟಿನ ಹೊರಗೇ ನಿಂತು ಶುರು ಮಾಡಿದಳು. ನಾವು ಯಾವ ಕೇರಿಯವರು, ನಮ್ಮನ್ನು ಊರಲ್ಲಿ ಏನೆಂದು ಕರೆಯುತ್ತಾರೆ, ಎಲ್ಲವನ್ನೂ ಹೆಸರು ಹಿಡಿದು ಹೇಳಿದಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಟೀಚರು ನಾನು, ಸಂಬಳ ಎಣಿಸುವವಳು, ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೋ. "ಇವ ನನ್ನ ಮಗ. ನಿಮ್ಮ ಪ್ರಸಾದ ನಿಮ್ಮವರಂಗ ನಿಂತು ಇಸಗೊಂಡ್ ಬಂದಾನ. ಬಾಯಾಗ ಹಾಕಿ ತಗದಾನ. ಹೊಳ್ಳಿ ಕೊಡಾಕ ಬಂದೀವಿ."

ಇವರು ಮಿಕ್ಕದ್ದನ್ನು ತಲೆ ತಗ್ಗಿಸಿ ಹೇಳಿದರು. ಪಿಯೆರಿನಾಳ ವಿಷಯವನ್ನೂ ಬಿಡಲಿಲ್ಲ.

ಫಾದರ್ ನೀರಿನ ಡಬ್ಬ ಕೆಳಗಿಟ್ಟರು. ಕೈ ತೊಳೆದು, ಗೇಟಿನ ಹೊರಗೆ ಬಂದು ಡಬ್ಬಿ ಇಸಿದುಕೊಂಡರು. ಬಿಲ್ಲೆಯನ್ನು ಅಂಗೈ ಮೇಲಿಟ್ಟು ಬಹಳ ಹೊತ್ತು ನೋಡಿದರು. ಅವರ ಮುಖ ನೋವಿನದು, ಅದನ್ನು ನಾನು ಮುಚ್ಚಿಡುವುದಿಲ್ಲ. "ಇದು ಬಿಸಾಡುವಂಥದ್ದಲ್ಲ ಅಮ್ಮಾ, ಹೀಗೆ ಇಟ್ಟುಕೊಳ್ಳುವಂಥದ್ದೂ ಅಲ್ಲ" ಎಂದು ಶಿಲುಬೆಯ ಗುರುತು ಮಾಡಿಕೊಂಡು, ಬಾಯಿಗೆ ಹಾಕಿಕೊಂಡರು.

"ಯಪ್ಪಾ! ಎಂಜಲ ಅದ್ರಿ ಅದು!" ಅತ್ತೆ ಚೀರಿದಳು.

ಅವರು ಕಣ್ಣು ಮುಚ್ಚಿ ನುಂಗಿದರು. ಆಮೇಲೆ ಹೇಳಿದರು, "ನಿಮಗೆ ನಾನು ಕೊಡಲಾರೆ ಅಮ್ಮಾ. ನಮ್ಮ ನೇಮ ಹಾಗಿದೆ. ಬೇಸರ ಮಾಡಬೇಡಿ."

"ಬೇಡಾಕ ಬಂದಿಲ್ರಿ" ಎಂದಳು ಅತ್ತೆ. ಅವರು ಒಳಗೆ ಕರೆದು ಚಹಾ ಕೊಟ್ಟರು, ಕುಡಿದೆವು, ಬಂದೆವು.

ಬಸ್ಸು ಕಲ್ಮಲ ದಾಟಿತು. ಆಮೇಲೆ ಅತ್ತೆ, ತನಗೆ ತಾನೇ ಅನ್ನುವ ಹಾಗೆ, "ಎಲ್ಲಾ ಹೇಳಿದೆ ಆತಗ. ಒಂದೂ ಬಿಡಲಿಲ್ಲ. ಹೇಳಿದ ಮ್ಯಾಗೂ ತಿಂದ" ಎಂದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಗಂಡ ಹೊಡೆತ ತಿಂದು ಬಂದ ದಿನ ಅಳದವಳು.

ಇವರಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತವರು, ಅವ್ವನಿಗೆ ಕೇಳದ ಹಾಗೆ ನನ್ನ ಕಡೆ ಬಗ್ಗಿದರು.

"ತಿಂದಿಲ್ಲ, ಮುಚ್ಚಿಟ್ಟೀನಿ ಅಂತ ಆ ಮುದುಕಿಗಿ ನಾ ಒಂದು ಮಾತು ಹೇಳಬೇಕಿತ್ತು, ಕನಕಾ. ಬೈತಿದ್ಲೋ, ಏನೋ. ಅದನ್ನ ಆಕಿಗೆ ಬಿಡಬೇಕಿತ್ತು. ನಾ ಆಕಿನ್ನ ಗುರುತು ಹಿಡದು ಹೊಡಿಯೋ ನಮ್ಮೂರವರಂಗ ತಿಳ್ಕೊಂಡು ಬಂದ್ನೆಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಮಾನ್ವಿ ಬರುವವರೆಗೆ ಅವರು ಆ ಕೈಯನ್ನು ಬಿಡಲಿಲ್ಲ.