ಹುಳುಮನೆಯ ಕಂಬಳಿ

ನಾನೊಂದು ಕರಿ ಕಂಬಳಿ. ಚಳ್ಳಕೆರೆ ಸೀಮೆಯ ಕುರಿಗಳ ಉಣ್ಣೆ, ಹುಣಸೆಬೀಜದ ಗಂಜಿ ಕುಡಿದು ಗಟ್ಟಿಯಾದ ಮೈ. ನೇಯ್ದವನು ನನ್ನನ್ನು ಒದರಿ ನೋಡಿ, "ಇದು ಮೂರು ತಲೆಮಾರು ಬರ್ತೈತೆ" ಅಂದಿದ್ದ. ಎರಡಕ್ಕೇ ಸಾಕಾಗಿಹೋಗಿದೆ ಬಿಡಿ.

ಮಾಗಡಿ ಕಡೆಯ ಚಿಕ್ಕೇಗೌಡರು ಇಪ್ಪತ್ತು ವರ್ಷ ನನ್ನನ್ನು ಹೊದ್ದರು. ಅವರು ಹೋದಮೇಲೆ ಹೆಂಡತಿ ಪುಟ್ಟಲಿಂಗಮ್ಮ ನನ್ನನ್ನು ಮಡಿಸಿ, ಹುಳ ಹಿಡಿಯದಿರಲೆಂದು ನುಸಿಗುಳಿಗೆ ಇಟ್ಟು ಟ್ರಂಕಿಗೆ ಹಾಕಿದರು. ಆರು ವರ್ಷ ಆ ಘಾಟಿನಲ್ಲೇ ಬಿದ್ದಿದ್ದೆ.

ಅವರ ಹಿತ್ತಿಲಲ್ಲೊಂದು ತಗಡಿನ ಶೆಡ್ಡು, ಅದೇ ರೇಷ್ಮೆಹುಳು ಸಾಕುವ ಮನೆ. ಸೊಸೆ ವನಜಾಕ್ಷಿ ತವರಿನಲ್ಲಿ ಕೆಲಸ ಕಲಿತು ಬಂದವಳು. ಆ ಪುಷ್ಯಮಾಸದ ಚಳಿಯಲ್ಲಿ ಹುಳುಬೆಳೆ ಪೂರಾ ಅವಳ ಕೈಗೆ ಬಂದಿತ್ತು. ಇದ್ದಿಲ ಒಲೆ ಇಟ್ಟರೂ ಶೆಡ್ಡಿನಲ್ಲಿ ಕಾವು ನಿಲ್ಲಲೊಲ್ಲದು. ಅವಳು ಸಂದುಗಳಿಗೆ ಕಾಗದ ಅಂಟಿಸಿದಳು, ಗೋಡೆಗೆಲ್ಲ ಗೋಣಿಚೀಲ ಹೊಡೆದಳು. ಬಾಗಿಲಿಗೆ ಏನೂ ಉಳಿಯಲಿಲ್ಲ. ಪುಟ್ಟಲಿಂಗಮ್ಮ ಟ್ರಂಕು ತೆಗೆದು ನನ್ನನ್ನು ತಂದರು.

"ಅತ್ತೆ, ಏನೋ ಘಾಟು ಹೊಡೀತದೆ. ಎರಡು ದಿನ ಬಿಸಿಲಿಗೆ ಹಾಕಲಾ?"

"ನಿಮ್ಮ ಮಾವನ ಕಂಬಳಿ ಕಣೇ ಅದು. ಘಾಟಂತೆ, ಘಾಟು."

ಸೊಸೆ ನನ್ನನ್ನು ಹಾಗೇ ಬಾಗಿಲಿಗೆ ಕಟ್ಟಿದಳು. ಕಾವು ತಗುಲಿದಂತೆಲ್ಲ ನನ್ನ ಮೈಯ ಘಾಟು ಬಿಚ್ಚಿಕೊಂಡಿತು. ಮೂರನೆಯ ದಿನ ಹುಳುಗಳು ತಲೆಯೆತ್ತಿ ಒದ್ದಾಡಿ, ಹಸಿರು ಕಕ್ಕಿ, ಸೊಪ್ಪಿನ ಮೇಲೇ ಸತ್ತವು. ಹುಳ ಕೊಲ್ಲುವ ಗುಳಿಗೆಗೆ ಒಳ್ಳೆಯ ಹುಳ, ಕೆಟ್ಟ ಹುಳ ಎಂದು ಗೊತ್ತಾಗುತ್ತದೆಯೇ?

"ಮುಟ್ಟಾಗಿದ್ದೂ ಒಳಗೆ ಬಂದ್ಯಾ?" ಅಂದರು ಪುಟ್ಟಲಿಂಗಮ್ಮ.

"ಇಲ್ಲ ಕಣತ್ತೆ, ದೇವರಾಣೆಗೂ ಇಲ್ಲ."

ನಂಬಲಿಲ್ಲ. ಹುಳುಮನೆಯ ಬೀಗದ ಕೈ ಅತ್ತೆಯ ಸೊಂಟಕ್ಕೆ ಹೋಯಿತು, ನಾನು ಮತ್ತೆ ನುಸಿಗುಳಿಗೆಯ ಟ್ರಂಕಿಗೆ ಹೋದೆ. ಅಂದಿನಿಂದ ವನಜಾಕ್ಷಿ ಸೊಪ್ಪು ಕೊಯ್ದು ತಂದು ಹೊಸ್ತಿಲಾಚೆಯೇ ಇಳಿಸಬೇಕಾಯಿತು. ಬೇಸಿಗೆಯ ಬೆಳೆ, ಮಳೆಗಾಲದ ಬೆಳೆ ಚೆನ್ನಾಗಿಯೇ ಬಂದವು. "ನೋಡಿದ್ಯಾ?" ಅನ್ನುತ್ತಿದ್ದರು ಅತ್ತೆ. ನನಗೆ ಬಾಯಿ ಇರಲಿಲ್ಲವಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಮತ್ತೆ ಚಳಿ ಬಂತು. ಮತ್ತೆ ನನ್ನನ್ನು ಬಾಗಿಲಿಗೆ ಕಟ್ಟಿದರು. ಮೂರನೆಯ ದಿನ ಹುಳುಗಳು ತಲೆಯೆತ್ತಿ ಒದ್ದಾಡಿದವು. ಈ ಸಲ ಒಳಗೆ ಕಾಲಿಟ್ಟಿದ್ದವರು ಪುಟ್ಟಲಿಂಗಮ್ಮ ಒಬ್ಬರೇ. ಮುಟ್ಟು ನಿಂತು ಎಷ್ಟೋ ವರ್ಷವಾಗಿದ್ದ ಹೆಂಗಸು.

ಅವರು ಹುಳುತಟ್ಟೆಗಳ ನಡುವೆ ಕುಕ್ಕರಿಸಿ ಕೂತರು. ಆಮೇಲೆ ಎದ್ದು ಬಂದು ನನ್ನ ಮೈಗೆ ಮೂಗು ಒತ್ತಿ ತುಂಬಾ ಹೊತ್ತು ನಿಂತರು. ನನ್ನನ್ನು ಕಿತ್ತು ಅಂಗಳಕ್ಕೆ ಎಸೆದರು.

"ವನಜಾ, ಬೀಗದ ಕೈ ತಗೋ. ನಿಂದೇನಿಲ್ಲ, ತಪ್ಪೆಲ್ಲ ನಂದೇ."

ವನಜಾಕ್ಷಿ ಅಳಲಿಲ್ಲ. ಬೀಗದ ಕೈ ತೆಗೆದುಕೊಂಡಳು.

ಈಗ ನಾನು ಹುಳುಮನೆಯ ಹೊಸ್ತಿಲಾಚೆ ಕಾಲೊರಸು. ಮಳೆ ಬಿಸಿಲಿಗೆ ಘಾಟು ಹೋಯಿತು, ಜೊತೆಗೆ ಮೈಯ ಕಾವೂ ಹೋಯಿತು. ಬೆಳಗಾದರೆ ವನಜಾಕ್ಷಿ ನನ್ನನ್ನು ತುಳಿದು ಒಳಗೆ ಹೋಗುತ್ತಾಳೆ. ತಿಂಗಳ ಮೂವತ್ತು ದಿನವೂ ಹೋಗುತ್ತಾಳೆ.