ಹದಿನಾರರಲ್ಲಿ ಇಬ್ಬರು

ಜೋವೆಲಿನ್ ಹಾಕಿದ ಬೆಸುಗೆಯನ್ನು ನೋಡಲು ತರಬೇತಿ ಕೊಡುವ ಕ್ರಿಸ್ಪಿನ್ ಸರ್ ಎಲ್ಲರನ್ನೂ ಕರೆದಾಗ ಲುಡಿವಿನಾ ಮಾತ್ರ ಎದ್ದು ಹೋಗಲಿಲ್ಲ. ಕೈಗವಸಿನ ಹೊಲಿಗೆ ಬಿಚ್ಚಿದೆಯೇನೋ ಎಂಬಂತೆ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಕುಳಿತಳು.

"ನೋಡ್ರಮ್ಮಾ, ಬೆಸುಗೆ ಅಂದ್ರೆ ಇದು! ಮೀನಿನ ಹುರುಪೆ ಜೋಡಿಸಿದ ಹಾಗಿದೆ. ಈ ಹುಡುಗಿ ಬಂದು ಇನ್ನೂ ಆರು ವಾರ ಆಗಿಲ್ಲ" ಎಂದರು ಸರ್. ಆಮೇಲೆ ಕತ್ತು ಚಾಚಿ, "ಲುಡಿ, ನೀನೂ ಬಾ. ನಿನ್ನ ಗೆರೆ ಇನ್ನೂ ಕುಡುಕ ಮನೆಗೆ ಹೋಗೋ ಹಾಗೇ ಹೋಗ್ತಿದೆ" ಎಂದರು.

ಹದಿನೈದು ಹೆಂಗಸರೂ ನಕ್ಕರು. ಜೋವೆಲಿನ್ ಬಾಯಿಗೆ ಕೈ ಅಡ್ಡವಿಟ್ಟುಕೊಂಡು ನಕ್ಕಳು. ಉಳಿದವರ ನಗು ಗಾಳಿಗೆ ಹೋಯಿತು, ಇವಳದು ಲುಡಿವಿನಾಳ ಎದೆಯಲ್ಲಿ ಮುಳ್ಳಾಗಿ ನಿಂತಿತು.

ಇಲೊಯಿಲೊ ಬಂದರಿನ ಹಿಂದಿನ ಆ ತರಬೇತಿ ಕೇಂದ್ರಕ್ಕೆ ಜೋವೆಲಿನ್‌ಳನ್ನು ಕೈಹಿಡಿದು ಕರೆತಂದವಳು ಅವಳೇ. ಹೊಡೆಯುವ ಗಂಡನನ್ನು ಬಿಟ್ಟು ಇಬ್ಬರು ಮಕ್ಕಳೊಂದಿಗೆ ತವರಿಗೆ ಬಂದ ಹುಡುಗಿ, ಬೇಲಿಯಾಚೆಯ ಮನೆಯಲ್ಲಿ ದಿನವಿಡೀ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. "ಅಳ್ತಾ ಕೂತ್ರೆ ಮಕ್ಕಳ ಹೊಟ್ಟೆ ತುಂಬುತ್ತೇನೇ? ನಡಿ ನನ್ಜೊತೆ" ಎಂದು ಎಬ್ಬಿಸಿ, ಅರ್ಜಿ ತುಂಬಿಸಿ, ಬೆಸುಗೆ ಕಡ್ಡಿಯ ಹಿಡಿಕೆಯನ್ನು ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟವಳು ಲುಡಿವಿನಾ. ಈಗ ನೋಡಿದರೆ ಏಣಿ ಹಾಕಿಕೊಟ್ಟವಳು ಕೆಳಗೆ, ಹತ್ತಿದವಳು ಮೇಲೆ.

ಲುಡಿವಿನಾಳಿಗೆ ನಲವತ್ತಮೂರು. ಹದಿಮೂರು ವರ್ಷ ಹಾಂಕಾಂಗಿನಲ್ಲಿ ಪರರ ಮನೆಯ ಮಕ್ಕಳನ್ನು ಎತ್ತಿ ಆಡಿಸಿ, ಮುದುಕಿಯರ ಬೆನ್ನುಜ್ಜಿ ಮರಳುವಷ್ಟರಲ್ಲಿ ಗಂಡ ಬೇರೆ ದ್ವೀಪದಲ್ಲಿ ಬೇರೆ ಸಂಸಾರ ಹೂಡಿದ್ದ. ತಾನು ಹಾಂಕಾಂಗಿಗೆ ಹೋಗುವಾಗ ನಾಲ್ಕು ವರ್ಷದವಳಾಗಿದ್ದ ಮಗಳು ಅನಾಲಿನ್ ಈಗ ಹದಿನೇಳರ ಹುಡುಗಿ. ತಾಯಿಯೊಡನೆ ಅವಳದು ಎರಡೇ ಮಾತು, "ಹೂಂ", "ಉಹೂಂ". ಆದರೆ ಸಂಜೆಯಾದರೆ ಬೇಲಿ ದಾಟಿ ಜೋವೆಲಿನ್‌ಳ ಮನೆಗೆ ಹೋಗುತ್ತಿದ್ದಳು. "ಅಕ್ಕಾ, ನೀನು ಆ ಮುಖಗವಸು ಹಾಕ್ಕೊಂಡ್ರೆ ಸೇಮ್ ಕಪ್ಪೆ!" ಎಂಬ ಅವಳ ದನಿ, ಹಿಂದೆಯೇ ಇಬ್ಬರ ನಗು ಇತ್ತ ಅಡುಗೆಮನೆಗೆ ಕೇಳಿಸುತ್ತಿತ್ತು. ಲುಡಿವಿನಾ ಒಣಮೀನು ಹುರಿಯುತ್ತ ನಿಲ್ಲುತ್ತಿದ್ದಳು. ಎಷ್ಟೋ ಸಲ ಮೀನು ಸೀದುಹೋಗುತ್ತಿತ್ತು.

ನಾಲ್ಕನೆಯ ತಿಂಗಳು ಸರ್ ಸುದ್ದಿ ತಂದರು. ಹಡಗು ಕಟ್ಟುವ ಕಂಪನಿಯೊಂದು ಈ ಹದಿನಾರು ಜನರಲ್ಲಿ ಇಬ್ಬರನ್ನು ಕಾಯಂ ಕೆಲಸಕ್ಕೆ ತೆಗೆದುಕೊಳ್ಳಲಿದೆ; ಪರೀಕ್ಷೆ ಗುರುವಾರ. "ಒಂದು ಜಾಗ ಜೋವೆಲಿನ್‌ದೇ ಅಂದ್ಕೊಳ್ಳಿ. ಇನ್ನೊಂದಕ್ಕೆ ಕಿತ್ತಾಡಿ" ಎಂದು ನಗೆಯಾಡಿದರು.

ಲುಡಿವಿನಾಳ ಕೈಯೂ ಅಷ್ಟರಲ್ಲಿ ಪಳಗಿತ್ತು. ಆ ಇನ್ನೊಂದು ಜಾಗ ಸಿಗಬಹುದೆಂದು ಅವಳಿಗೇ ಗೊತ್ತಿತ್ತು. ಆದರೂ ಸಮಾಧಾನವಿಲ್ಲ. ಕೆಲಸ ಸಿಕ್ಕರೂ ಜೋವೆಲಿನ್ ಪಕ್ಕದಲ್ಲೇ ಇರುತ್ತಾಳೆ. ಅಲ್ಲೂ ಅವಳ ಗೆರೆಯನ್ನೇ ಹತ್ತು ಜನ ನೋಡುತ್ತಾರೆ. ತನಗೆ ಬೇಕಿದ್ದದ್ದು ಕೆಲಸವಷ್ಟೇ ಅಲ್ಲ, ಅವಳಿಗೆ ಸಿಗದಿರುವುದೂ ಬೇಕಿತ್ತು ಎಂದು ತಿಳಿದಾಗ ಲುಡಿವಿನಾಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಹೇಸಿಗೆಯಾಯಿತೆಂದು ಹೊಟ್ಟೆಕಿಚ್ಚೇನೂ ತಣ್ಣಗಾಗಲಿಲ್ಲ.

ಬೆಸುಗೆ ಕಡ್ಡಿಗೆ ತೇವ ಮುಟ್ಟಬಾರದು. ಮುಟ್ಟಿದರೆ ಬೆಸುಗೆಯೊಳಗೆ ಸೂಜಿಮೊನೆಯಂಥ ತೂತುಗಳೇಳುತ್ತವೆ. ಅದಕ್ಕೇ ಒಬ್ಬೊಬ್ಬರ ಕಡ್ಡಿಗಳನ್ನೂ ಹೆಸರು ಬರೆದ ಡಬ್ಬಿಯಲ್ಲಿ ಹಾಕಿ, ಬಿಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಎಲ್ಲರಿಗಿಂತ ಹಿರಿಯಳೆಂದು ಪೆಟ್ಟಿಗೆಯ ಬೀಗದ ಕೈ ಲುಡಿವಿನಾಳ ಬಳಿ ಇತ್ತು. ಗುರುವಾರ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಬಂದಳು. ಜೋವೆಲಿನ್‌ಳ ಕಡ್ಡಿಗಳನ್ನು ತೆಗೆದು, ಕಾದ ಕಬ್ಬಿಣ ಅದ್ದುವ ಬಕೆಟ್ಟಿನಲ್ಲಿ ನೂರು ಎಣಿಸುವ ತನಕ ಮುಳುಗಿಸಿ, ಮೇಲಿನ ನೀರನ್ನು ಅಂಗಿಯ ಅಂಚಿಗೆ ಒರೆಸಿ, ಮತ್ತೆ ಡಬ್ಬಿಗೆ ತುಂಬಿದಳು.

ಪರೀಕ್ಷೆಯಲ್ಲಿ ಜೋವೆಲಿನ್‌ಳ ಕಡ್ಡಿ ಚಟಪಟ ಸಿಡಿಯಿತು. ಅವಳು ನಿಲ್ಲಿಸಿದಳು, ಹುಬ್ಬು ಗಂಟಿಕ್ಕಿ ನೋಡಿದಳು, ಮತ್ತೆ ಶುರು ಮಾಡಿದಳು. ಕಡ್ಡಿಯ ಮೇಲೆ ಅನುಮಾನಪಟ್ಟಿದ್ದರೆ ಬದುಕಿಕೊಳ್ಳುತ್ತಿದ್ದಳೋ ಏನೋ. ತನ್ನ ಮೇಲೆಯೇ ಅನುಮಾನಪಟ್ಟಳು. ನೋಡನೋಡುತ್ತ ಅವಳ ಗೆರೆ ಅಂಕುಡೊಂಕಾಯಿತು. ಕಂಪನಿಯವರು ತಗಡನ್ನು ಯಂತ್ರಕ್ಕೆ ಕೊಟ್ಟು ಬಗ್ಗಿಸಿದಾಗ ಬೆಸುಗೆ ಬಾಯಿಬಿಟ್ಟಿತು. ಲುಡಿವಿನಾಳ ತಗಡು ಬಿಲ್ಲಿನಂತೆ ಬಾಗಿತು, ಎಲ್ಲೂ ಬಿರುಕಿಲ್ಲ.

"ಶಭಾಷ್ ಲುಡಿ!" ಎಂದು ಸರ್ ಬೆನ್ನು ತಟ್ಟಿದರು. ಇಷ್ಟು ದಿನ ಕಾದಿದ್ದ ಮಾತು. ಬಾಯಲ್ಲಿಟ್ಟುಕೊಂಡರೆ ರುಚಿಯೇ ಇಲ್ಲ.

ಜೋವೆಲಿನ್ ಕೈತೊಳೆಯುವ ತೊಟ್ಟಿಯ ಹತ್ತಿರ ಕುಳಿತಿದ್ದಳು. ಲುಡಿವಿನಾ ಹೋಗಿ ಎದುರು ನಿಂತಳು. ಅವಳ ಸೋತ ಮುಖ ನೋಡಬೇಕೆಂಬ ಆಸೆಯಿಂದಲೇ ಹೋದಳೆನ್ನಬೇಕು.

"ಅಕ್ಕಾ, ನಿಂಗಾಯ್ತಲ್ಲ, ಅಷ್ಟು ಸಾಕು" ಎಂದಳು ಜೋವೆಲಿನ್. ಕಣ್ಣು ಒಣಗಿತ್ತು. "ಅವನು ಹೇಳ್ತಾನೇ ಇದ್ದ, ನಿನ್ನ ಕೈಲಿ ಏನೂ ಕಿಸಿಯೋಕಾಗಲ್ಲ ಅಂತ. ಸುಮ್ನೆ ಕುಣಿದೆ ನಾನು. ಭಾನುವಾರ ವಾಪಸ್ ಹೋಗ್ಬಿಡ್ತೀನಿ."

"ಎಲ್ಲಿಗೆ?"

"ಇನ್ನೆಲ್ಲಿಗೆ? ಅವನ ಹತ್ರಾನೇ. ಎರಡೇಟು ತಿಂದ್ರೂ ಮಕ್ಕಳಿಗೆ ಅನ್ನ ಇರುತ್ತೆ."

ಲುಡಿವಿನಾ ಬಯಸಿದ್ದು ಈ ಹುಡುಗಿ ಒಂದು ಮೆಟ್ಟಿಲು ಕೆಳಗಿಳಿಯಲೆಂದು, ಆ ಮನೆಯ ಹೊಸ್ತಿಲಿಗೆ ಬೀಳಲೆಂದಲ್ಲ. ನೆಟ್ಟಗೆ ಒಳಗೆ ಹೋಗಿ, ಕಂಪನಿಯವರು ಸರ್ ಜೊತೆ ಕಾಗದ ಬರೆಯುತ್ತಿದ್ದ ಮೇಜಿನ ಮುಂದೆ ನಿಂತಳು.

"ಸರ್, ಅವಳ ಕಡ್ಡಿ ನಾನು ಒದ್ದೆ ಮಾಡಿದೆ. ಬೇಕಂತಲೇ ಮಾಡಿದೆ."

ಕ್ರಿಸ್ಪಿನ್ ಸರ್ ಪೆನ್ನು ಕೆಳಗಿಟ್ಟರು. "ಯಾಕೆ?"

"ಹೊಟ್ಟೆಕಿಚ್ಚು ಸರ್. ಬೇರೇನಿಲ್ಲ."

ಅಂದೇ ಮಧ್ಯಾಹ್ನ ಹೊಸ ಕಡ್ಡಿ ಕೊಟ್ಟು ಜೋವೆಲಿನ್‌ಳಿಗೆ ಮತ್ತೆ ಪರೀಕ್ಷೆ ಮಾಡಿದರು. ಅವಳ ತಗಡು ಬಾಗಿತು, ಬಿರಿಯಲಿಲ್ಲ. ಲುಡಿವಿನಾಳ ಹೆಸರು ಹೊಡೆದುಹಾಕಿ ಎರಡನೆಯ ಜಾಗವನ್ನು ಮತ್ತೊಬ್ಬಳಿಗೆ ಕೊಟ್ಟರು. ಬೇಕಿದ್ದರೆ ಮುಂದಿನ ತಂಡದಲ್ಲಿ ಮೊದಲಿನಿಂದ ಕಲಿಯಬಹುದು, ಬೀಗದ ಕೈ ಮಾತ್ರ ಸಿಗುವುದಿಲ್ಲ ಎಂದರು ಸರ್.

ಜೋವೆಲಿನ್ ಅವಳನ್ನು ಅಪ್ಪಿಕೊಳ್ಳಲಿಲ್ಲ, ಕ್ಷಮಿಸಿದೆ ಅನ್ನಲೂ ಇಲ್ಲ. ಗೇಟಿನ ಬಳಿ ತಡೆದು, "ಹೊಟ್ಟೆ ಉರಿದ್ರೆ ಎದುರಿಗೇ ಉಗಿದುಬಿಡ್ಬೇಕಿತ್ತು ಅಕ್ಕ. ನಾನು ಉಗಿಸ್ಕೊಂಡು ಬೆಳೆದೋಳು, ತಡ್ಕೊಳ್ತಿದ್ದೆ. ಇದನ್ನ ಹೆಂಗೆ ತಡ್ಕೊಳ್ಳಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಊರಿನ ಜೀಪ್ನಿ ಬಸ್ಸು ಹತ್ತಿದಳು.

ಸುದ್ದಿ ಸಂಜೆಯೊಳಗೆ ಬೇಲಿ ದಾಟಿತ್ತು. ಅನಾಲಿನ್ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ನೀನು ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಯಾಕೆ ಹೇಳ್ದೆ?" ಎಂದು ಕೇಳಿದಳು. ಎಷ್ಟೋ ತಿಂಗಳಲ್ಲಿ ಮಗಳು ಆಡಿದ ಅತಿ ಉದ್ದದ ಮಾತು.

"ಹೇಳದೆ ಇರೋಕಾಗ್ಲಿಲ್ಲ. ಆ ಹುಡುಗಿ ಮೇಲೆ ನಂಗೆ ಈಗ್ಲೂ ಹೊಟ್ಟೆಕಿಚ್ಚೇ. ಕೆಲ್ಸಕ್ಕಲ್ಲ. ನೀನು ಅಲ್ಲಿ ಹೋಗಿ ನಗ್ತೀಯ."

ಅನಾಲಿನ್ ಬಾಗಿಲು ಬಿಟ್ಟು ಒಳಗೆ ಬಂದು ಕುಳಿತಳು. "ಅವಳು ನನ್ನ ಕೇಳ್ತಾಳೆ, ಇವತ್ತು ಏನಾಯ್ತು ಅಂತ. ನೀನು ಊಟ ಆಯ್ತಾ ಅಂತ ಮಾತ್ರ ಕೇಳ್ತೀಯ. ಫೋನಲ್ಲೂ ಹದಿಮೂರು ವರ್ಷ ಅದನ್ನೇ ಕೇಳ್ದೆ."

ಲುಡಿವಿನಾ ಒಲೆ ಆರಿಸಿದಳು. ಮಗಳ ಎದುರು ಮಣೆ ಎಳೆದುಕೊಂಡು ಕುಳಿತು, ಹೊಸ ಭಾಷೆ ಕಲಿಯುವವಳಂತೆ ತಡವರಿಸುತ್ತ ಕೇಳಿದಳು:

"ಇವತ್ತು... ಏನಾಯ್ತು?"

"ಇವತ್ತು ನಮ್ಮಮ್ಮ ಊರಿಗೆಲ್ಲ ಸುದ್ದಿಯಾದ್ಲು" ಎಂದಳು ಅನಾಲಿನ್. ನಗಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.

ಮುಂದಿನ ತಂಡದಲ್ಲಿ ಲುಡಿವಿನಾ ತನ್ನ ಅರ್ಧ ವಯಸ್ಸಿನವರ ನಡುವೆ ಮತ್ತೆ ಮೊದಲ ಗೆರೆಯಿಂದ ಕಲಿತಳು. ಐದು ತಿಂಗಳಿಗೆ ಊರಾಚೆ ಗೇಟು, ಕಿಟಕಿ ಮಾಡುವ ಸಣ್ಣ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಬೆಳಗಿನ ಜೀಪ್ನಿಯಲ್ಲಿ ಒಮ್ಮೊಮ್ಮೆ ಹಡಗು ಕಂಪನಿಯ ನೀಲಿ ಅಂಗಿ ತೊಟ್ಟ ಜೋವೆಲಿನ್ ಕಾಣುತ್ತಾಳೆ. ಮಾತಿಲ್ಲ, ಸ್ವಲ್ಪ ಸರಿದು ಕೂರಲು ಜಾಗ ಕೊಡುತ್ತಾಳೆ. ಆ ನೀಲಿ ಅಂಗಿಯನ್ನು ನೋಡಿದಾಗೆಲ್ಲ ಲುಡಿವಿನಾಳಿಗೆ ಅದು ತನ್ನ ಮೈಮೇಲಿರಬೇಕಿತ್ತು ಎನಿಸುತ್ತದೆ. ಆದರೂ ಅವಳ ಪಕ್ಕದಲ್ಲೇ ಕೂರುತ್ತಾಳೆ.