ಒಂಬತ್ತೆಳೆಯ ಶಿವದಾರ

ಒಂದಾನೊಂದು ಪೇಟೆಯಲ್ಲಿ, ನೂಲಿನ ವ್ಯಾಪಾರದ ಒಂದು ಮನೆಯಲ್ಲಿ, ದಾರ ಹೊಸೆಯುವ ಒಬ್ಬಳು ಸೊಸೆಯಿದ್ದಳು. ಅವಳ ಬೆರಳು ಸೋಕಿದರೆ ಸಾಕು, ಹತ್ತಿ ತಾನಾಗಿ ಎಳೆಯಾಗಿ ಹರಿಯುತ್ತಿತ್ತಂತೆ. ಹೀಗಿರಲಾಗಿ ಅವಳ ಬಲಗೈಗೆ ಒಬ್ಬ ನೆಂಟ ಬಂದ. ಕರೆದವರಿಲ್ಲ, ಕೂರಿಸಿದವರಿಲ್ಲ. ಬಂದವನು ಹೆಬ್ಬೆರಳಲ್ಲಿ ಕೂತ, ಮಣಿಕಟ್ಟಿನಲ್ಲಿ ಹಾಸಿಗೆ ಹಾಸಿದ, ಹೋಗು ಅಂದರೆ ಹೋಗಲಿಲ್ಲ.

ಕಥೆಯಲ್ಲಾದರೆ ಏಳು ಸಮುದ್ರ ದಾಟಿ ರಾಜಕುಮಾರ ಬರುತ್ತಿದ್ದ. ಚಾಮರಾಜಪೇಟೆಗೆ ಯಾರೂ ಬರಲಿಲ್ಲ. ಹಾಗಾಗಿ ಶೈಲಜಮ್ಮ ತಾನೇ ಆಟೋ ಹತ್ತಿ ಆಸ್ಪತ್ರೆಗೆ ಹೋದಳು.

ನೆಂಟನ ಹೆಸರು ಪಾರ್ಕಿನ್ಸನ್ ಎಂದರು ಡಾಕ್ಟರು. ಆರು ವರ್ಷ ಮಾತ್ರೆ ನುಂಗಿದ್ದಾಯಿತು. ಮೊದಮೊದಲು ಮಾತ್ರೆಗೆ ಹೆದರಿ ಮೂಲೆ ಸೇರುತ್ತಿದ್ದ ನಡುಕ, ಬರಬರುತ್ತಾ ಮಾತ್ರೆಯನ್ನೇ ಕೋಡುಬಳೆಯಂತೆ ಕುರುಕಿಕೊಂಡು ಕೂತಿತು. ಕಾಫಿ ತುಳುಕಲಿ, ಸಹಿ ಹುಳುವಿನಂತೆ ಹರಿದಾಡಲಿ, ಶೈಲಜಮ್ಮ ಲೆಕ್ಕಕ್ಕಿಡಲಿಲ್ಲ. ಅವಳ ಸಂಕಟವೇ ಬೇರೆ. ಮೊಮ್ಮಗಳು ಸಾನ್ವಿ ಹುಟ್ಟಿದ ದಿನ, ಈ ಕೂಸಿನ ದೀಕ್ಷೆಗೆ ಶಿವದಾರ ನಾನೇ ಹೊಸೆಯುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಇಷ್ಟಲಿಂಗವನ್ನು ಎದೆಯ ಮೇಲೆ ಹೊರುವ ಆ ದಾರ ಅವರ ಮನೆಯಲ್ಲಿ ಅಂಗಡಿಯದಾಗುವಂತಿರಲಿಲ್ಲ. ದೀಕ್ಷೆಯ ಬೆಳಿಗ್ಗೆಯೇ, ಮಿಂದು ಬಂದು, ಮನೆಯ ಹಿರಿಯ ಹೆಂಗಸು ಒಂಬತ್ತೆಳೆ ಹೊಸೆಯಬೇಕು. ಹಿಂದಿನ ದಿನದ್ದು ನಡೆಯದು. ಸಾನ್ವಿಗೆ ಈಗ ಎಂಟು ತುಂಬಿತ್ತು. ಕಾರ್ತಿಕದ ಮೊದಲ ಸೋಮವಾರಕ್ಕೆ ದೀಕ್ಷೆ ಗೊತ್ತಾಗಿತ್ತು.

ಡಾಕ್ಟರ್ ಗೌರೀಶ್ ಒಂದು ದಾರಿ ಹೇಳಿದರು. ತಲೆಬುರುಡೆಯಲ್ಲಿ ಸಣ್ಣ ತೂತು ಕೊರೆದು, ಶಾವಿಗೆ ಎಳೆಯಷ್ಟು ತಂತಿಯನ್ನು ಮೆದುಳಿಗೆ ಇಳಿಸುವುದು. ಎದೆಯ ಚರ್ಮದಡಿ ಬೆಂಕಿಪೊಟ್ಟಣದಂಥ ಬ್ಯಾಟರಿ ಇಟ್ಟು, ಅಲ್ಲಿಂದ ತಂತಿಗೆ ಹಗಲೂ ರಾತ್ರಿ ಸಣ್ಣಗೆ ಕರೆಂಟು ಹರಿಸುವುದು. ರೋಗ ಹೋಗುವುದಿಲ್ಲ, ನಡುಕ ತಗ್ಗಬಹುದು ಎಂದು ಮುಚ್ಚುಮರೆಯಿಲ್ಲದೆ ತಿಳಿಸಿದರು.

ಶೈಲಜಮ್ಮನ ಗಂಡ ತೀರಿಕೊಂಡ ಮೇಲೆ ಮನೆಗೆ ಯಜಮಾನರು ಭಾವ ಮಲ್ಲಿಕಾರ್ಜುನಯ್ಯನವರು. ಆ ಮನೆಯಲ್ಲಿ ತಮ್ಮನ ಹೆಂಡತಿ ಭಾವನೊಡನೆ ನೇರ ಮಾತಾಡುವ ರೂಢಿಯಿರಲಿಲ್ಲ. ಮೂವತ್ತೈದು ವರ್ಷದಲ್ಲಿ ಅವಳು ಅವರೆದುರು ಆಡಿದ್ದು ‘ಹೂಂ’ ಒಂದೇ. ಅವರೂ ಅಷ್ಟೆ, ಅವಳಿಗೆ ಕೇಳಲೆಂದು ಅವಳ ಸೊಸೆ ಶಿವರಂಜಿನಿಗೆ ಹೇಳಿದರು.

“ತಲೇಲಿ ಮೀಟರ್ ಕೂರಿಸ್ಕೊಂಡು ಬಂದೋರು ಮಗು ದಾರ ಮುಟ್ತಾರಂತಾ? ಅಂಗಡೀಲಿ ಒಳ್ಳೇ ದಾರ ಇದೆ ಕಣಮ್ಮ, ತಂದ್ಕೊಡ್ತೀನಿ.”

ಶೈಲಜಮ್ಮ ಹೂಂ ಅನ್ನಲಿಲ್ಲ. ಮಾರನೇ ವಾರ ತಲೆ ಬೋಳಿಸಿಕೊಂಡು ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದಳು.

ತಂತಿ ಇಳಿಸುವಾಗ ಎಚ್ಚರವಾಗಿದ್ದು ಕೈ ಆಡಿಸುತ್ತಿರಬೇಕೆಂದರು. ಬರಿಗೈ ಏನಾಡಿಸೋದು, ದಾರ ಕೊಡಿ ಅಂದಳು. ನರ್ಸಮ್ಮ ನಕ್ಕು, ಗಾಯ ಹೊಲಿಯುವ ರೇಷ್ಮೆ ದಾರದ ತುಂಡೊಂದನ್ನು ಬೆರಳಿಗಿಟ್ಟಳು. ಅದು ಬಲೆಗೆ ಬಿದ್ದ ಗುಬ್ಬಿಯಂತೆ ಪಟಪಟಿಸುತ್ತಿತ್ತು. ಇದ್ದಕ್ಕಿದ್ದಂತೆ ಸುಮ್ಮನಾಯಿತು. ತಂತಿಗೆ ಕರೆಂಟು ಹತ್ತಿತ್ತು. ಆರು ವರ್ಷದ ಮೇಲೆ ಶೈಲಜಮ್ಮ ಒಂದು ಗೇಣು ದಾರ ಹೊಸೆದಳು.

ಮನೆಗೆ ಬಂದಾಗ, ತಲೆ ಮೇಲೆ ಸೆರಗು ಹೊದ್ದುಕೊಳ್ಳಲಿ ಎಂದು ಭಾವನಿಂದ ಹೇಳಿಕೆ ಬಂತು. ಅವಳು ಹೊಲಿಗೆ ಕಾಣುವ ತಲೆಯಲ್ಲೇ ಬೀದಿಯ ಕೊನೆಯ ತರಕಾರಿ ಅಂಗಡಿಗೆ ಹೋಗಿ ಬದನೆಕಾಯಿ ಆರಿಸಿಕೊಂಡು ಬಂದಳು. ಅಂಗಡಿಯ ಅಣ್ಣಮ್ಮ ಏನವ್ವಾ ಇದು ಎಂದಿದ್ದಕ್ಕೆ, ಬಾಗಿಲು ಕೊರೆದು ನೆಂಟನ್ನ ಹೊರಗೆ ಹಾಕಿಸಿದೆ ಅಂದಳು. ತಿಂಗಳ ಮೇಲೆ ಬ್ಯಾಟರಿ ಪೂರ್ತಿ ಚಾಲೂ ಮಾಡಿ, ಕೈಗೊಂದು ರಿಮೋಟ್ ಕೊಟ್ಟು, ಮ್ಯಾಗ್ನೆಟ್ ಇರುವ ಯಾವುದನ್ನೂ ಎದೆಯ ಹತ್ತಿರ ತರಬೇಡಿ ಎಂದು ಎಚ್ಚರಿಸಿ ಕಳಿಸಿದರು. ಶಿವರಂಜಿನಿ ಅಂದೇ ಅತ್ತೆಯ ಪರ್ಸು, ಫೋನಿನ ಕವರು ಎರಡನ್ನೂ ಬದಲಾಯಿಸಿದಳು.

ಸೋಮವಾರ ಬಂತು. ದೀಕ್ಷೆ ಕೊಡುವ ಅಯ್ಯನವರು ನಡುಮನೆಯಲ್ಲಿ ಕೂತಿದ್ದರು. ಶೈಲಜಮ್ಮ ಮಿಂದು, ಮಣೆಯ ಮೇಲೆ ಕೂತು, ಎಳೆಗಳ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿ ಹೊಸೆಯತೊಡಗಿದಳು. ಆರನೆಯ ಎಳೆಗೆ ಬಂದಿದ್ದಳೋ ಇಲ್ಲವೋ, ಬಲಗೈ ಅದುರಿತು. ಮತ್ತೆ ಅದುರಿತು. ನೆಂಟ ಚಪ್ಪಲಿ ಕೂಡ ಬಿಡದೆ ಒಳಗೆ ಬಂದಿದ್ದ. ಹುರಿಯೆಲ್ಲ ಸರ್ರನೆ ಬಿಚ್ಚಿಕೊಂಡು ಹತ್ತಿ ತೊಡೆಯ ಮೇಲೆ ಸಿಕ್ಕಾಗಿ ಬಿತ್ತು.

ಮುಹೂರ್ತಕ್ಕೆ ಇನ್ನು ಮುಕ್ಕಾಲು ಗಂಟೆ ಇದೆ ಎಂದರು ಅಯ್ಯನವರು. ಮಲ್ಲಿಕಾರ್ಜುನಯ್ಯನವರು ಜುಬ್ಬಾದ ಜೇಬಿನಿಂದ ಅಂಗಡಿಯ ದಾರದ ಸುರುಳಿ ತೆಗೆದರು.

“ನಾ ಹೇಳಿರ್ಲಿಲ್ವಾ?” ಎಂದು ಗೋಡೆಗೆ ಹೇಳಿದರು.

“ಭಾವನೋರೇ,” ಎಂದಳು ಶೈಲಜಮ್ಮ. ಶಿವರಂಜಿನಿ ಗಕ್ಕನೆ ತಿರುಗಿ ನೋಡಿದಳು. “ಅದನ್ನ ಜೇಬಲ್ಲೇ ಇಟ್ಕೊಳ್ಳಿ. ಮಾತು ಕೊಟ್ಟಿರೋಳು ನಾನು.”

ಶಿವರಂಜಿನಿ ಡಾಕ್ಟರಿಗೆ ಫೋನು ಮಾಡಿದಳು. ರಿಮೋಟ್ ಹಿಡಿದು ನೋಡಿ ಅಂದರು. ಯಂತ್ರ ಆಫ್ ಆಗಿತ್ತು. ಎದೆಯ ಹತ್ತಿರ ಮ್ಯಾಗ್ನೆಟ್ ಬಂತೇ ಎಂದು ಅವರು ಕೇಳಿದ್ದೇ ತಡ, ಶಿವರಂಜಿನಿಯ ಕಣ್ಣು ಅತ್ತೆಯ ಎದೆಯತ್ತ ಹೋಯಿತು. ಲಿಂಗವಿಡುವ ಹಳೆಯ ಕರಡಿಗೆಯ ತಿರುಪಿನ ಮುಚ್ಚಳ ನಡುಗುವ ಕೈಗೆ ಕೂರುವುದಿಲ್ಲವೆಂದು, ಅವಳೇ ಪ್ರೀತಿಯಿಂದ ಹೊಸದೊಂದು ಬೆಳ್ಳಿ ಕರಡಿಗೆ ಮಾಡಲು ಹಾಕಿದ್ದಳು, ಆಪರೇಷನ್ನಿಗೂ ಮೊದಲು. ಅದು ನಿನ್ನೆ ಬಂದಿತ್ತು. ಅತ್ತೆ ಇಂದು ಮಿಂದವಳೇ ಲಿಂಗವನ್ನು ಅದಕ್ಕಿಟ್ಟು ಧರಿಸಿದ್ದಳು. ಅದರ ಮುಚ್ಚಳಕ್ಕೆ ಮ್ಯಾಗ್ನೆಟ್. ಹೊಸೆಯಲು ಬಾಗಿದಾಗ ಅದು ತೂಗಿದ್ದು ನೇರ ಬ್ಯಾಟರಿಯ ಮೇಲೆ. ಪರ್ಸು ನೋಡಿದವರಿಗೆ ದೇವರ ಡಬ್ಬಿ ಹೊಳೆದಿರಲಿಲ್ಲ.

ಅದನ್ನು ತೆಗೆದು ದೂರವಿಡಿ, ರಿಮೋಟಿನಿಂದ ಆನ್ ಮಾಡಿ ಎಂದರು ಡಾಕ್ಟರು.

“ದೀಕ್ಷೆ ದಿನ ಲಿಂಗ ಮೈಯಿಂದ ತೆಗೆಯೋದಾ?” ಮಲ್ಲಿಕಾರ್ಜುನಯ್ಯನವರ ದನಿ ಏರಿತು.

“ಲಿಂಗ ತೆಗೆಯಲ್ಲ. ಡಬ್ಬಿ ತೆಗೀತೀನಿ.”

ಆದರೆ ತೆಗೆಯುವವರು ಯಾರು? ಅವಳ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ನೆಲಕ್ಕೆ ಬಿದ್ದರೆ ಅದಕ್ಕಿಂತ ಅನಾಹುತ ಆ ಮನೆಗೆ ಬೇರಿಲ್ಲ. ಶೈಲಜಮ್ಮ ತೊಡೆಯ ಮೇಲೆ ಬಿಳಿ ವಸ್ತ್ರ ಹರಡಿದಳು. ಅವಳ ಅಜ್ಜಿ ಬದುಕಿರುವವರೆಗೂ ಬೆಳ್ಳಿಯ ಮುಖ ನೋಡದೆ ಇಂಥ ವಸ್ತ್ರದಲ್ಲೇ ಲಿಂಗ ಕಟ್ಟಿಕೊಂಡಿದ್ದವಳು. ಬೆನ್ನು ಬಾಗಿಸಿ, ಕರಡಿಗೆಯನ್ನು ಮಡಿಲಿಗೆ ತಾಗುವಷ್ಟು ತಗ್ಗಿಸಿ, ನಡುಗದ ಎಡಗೈಯನ್ನು ಬಟ್ಟಲು ಮಾಡಿ ಕೆಳಗಿಟ್ಟಳು. ಬಲಗೈ ಮುಚ್ಚಳದ ಮೇಲೆ ಟಕಟಕ ಬಡಿಯಿತು. ಒಮ್ಮೆ ಜಾರಿತು. ಕುಣಿ ಮಹರಾಯ, ಎಷ್ಟು ಕುಣೀತೀಯೋ ಕುಣಿ, ಎಂದುಕೊಂಡು ಉಗುರು ಸಿಕ್ಕಿಸಿ ಎಳೆದಳು. ಲಿಂಗ ಎಡ ಅಂಗೈಗೆ ಇಳಿಯಿತು.

ಅದನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು. ಗಂಟಿಗೆ ಮಾತ್ರ ಸೊಸೆಯ ಕೈ ಬೇಕಾಯಿತು. ಶಿವರಂಜಿನಿ ಕರಡಿಗೆಯನ್ನು ಹಿತ್ತಲಿಗೆ ಒಯ್ದಳು. ಶೈಲಜಮ್ಮ ರಿಮೋಟ್ ಹಿಡಿದು ಗುಂಡಿ ಒತ್ತಿದಳು. ಎದೆಯಲ್ಲಿ ಇರುವೆ ಹರಿದಂತಾಯಿತು. ಬಲಗೈ ಎರಡು ಸಲ ಗೊಣಗಿ, ತೊಡೆಯ ಮೇಲೆ ಒರಗಿತು.

ಇಪ್ಪತ್ತು ನಿಮಿಷ ಉಳಿದಿತ್ತು. ಹೆಬ್ಬೆರಳಿಗೆ ಕಟ್ಟಿ ಹೊಸೆದರೆ ಮುಗಿಯದು, ಎದುರಿಗೊಬ್ಬರು ತುದಿ ಹಿಡಿಯಬೇಕು.

“ಭಾವನೋರೇ, ಬನ್ನಿ. ಈ ತುದಿ ಹಿಡ್ಕೊಳ್ಳಿ. ಎಳೀಬೇಡಿ, ಬಿಡಲೂಬೇಡಿ.”

ಅವರು ಅಯ್ಯನವರ ಮುಖ ನೋಡಿದರು. ಅಯ್ಯನವರು ವಿಭೂತಿಗಟ್ಟಿಯ ಧೂಳು ಒರೆಸುತ್ತಿದ್ದರು. ಹಿಡ್ಕೋ ದೊಡ್ಡತಾತ, ಅಂದಳು ಸಾನ್ವಿ. ಮಲ್ಲಿಕಾರ್ಜುನಯ್ಯನವರು ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕೂತರು, ತುದಿ ಹಿಡಿದರು.

ಒಂಬತ್ತು ಎಳೆ ಮೂರಾಯಿತು. ಮೂರು ಒಂದಾಯಿತು. ಶೈಲಜಮ್ಮ ಅವರ ಬೆರಳಿನಿಂದ ತುದಿಯನ್ನು ಬಿಡಿಸಿಕೊಂಡು, ಎರಡು ಕೊನೆ ಸೇರಿಸಿ, ಬಲಗೈಯಲ್ಲೇ ಗಂಟು ಹಾಕಿ ಬಿಗಿದಳು.